ಬಿಸಿಲಿನಲ್ಲಿ ಬರುವ ಪ್ರವಾಹ

ಪುಷ್ಯ ಮಳೆ ಕಳೆದು ಆಶ್ಲೇಷ ಹುಟ್ಟುವ ದಿನಗಳಲ್ಲಿ, ಹುಣಸೂರಿನ ಪೇಟೆಯ ಮೇಲೆ ಎಳೆಬಿಸಿಲು ಹರಡಿ ಕೊಡೆ ಬಿಚ್ಚುವ ಪ್ರಸಂಗವೇ ಬಾರದಿರುವ ಬೆಳಗಿನಲ್ಲಿ, ಲಕ್ಷ್ಮಣತೀರ್ಥವು ಕೆಮ್ಮಣ್ಣಿನ ಬಣ್ಣ ತಾಳಿ, ಹಿಂದಿನ ಸಂಜೆ ದನಗಳು ನಿಂತು ನೀರು ಕುಡಿದ ತಾವನ್ನು ನುಂಗಿ, ಗದ್ದೆಯ ಬದುವಿನವರೆಗೆ ಏರಿ ನಿಲ್ಲುವುದು ಈ ಸೀಮೆಯ ನದೀತೀರವಾಸಿಗಳಿಗೆ ಅಪರಿಚಿತವಾದ ಸಂಗತಿಯಲ್ಲ. ಅಪರಿಚಿತವಲ್ಲದಿದ್ದರೂ ಪ್ರತಿ ಸಲವೂ ಅದು ಜನರು ಎಣಿಸದ ಗಳಿಗೆಯಲ್ಲಿಯೇ ಬರುತ್ತದೆ. ಏಕೆಂದರೆ ಅಪಾಯವನ್ನು ಅಳೆಯುವಾಗ ನಾವು ನೋಡುವುದು ನಮ್ಮ ತಲೆಯ ಮೇಲಿನ ಆಕಾಶವನ್ನು, ಹೊಳೆ ತುಂಬುವುದಾದರೋ ನಮಗೆ ಕಾಣದ ಕೊಡಗಿನ ಅಥವಾ ವಯನಾಡಿನ ಆಕಾಶದ ಕೆಳಗೆ. "ಇಲ್ಲಿ ಮಳೆಯೇ ಇಲ್ಲವಲ್ಲ" ಎಂಬ ಮಾತಿನಿಂದ ಆದಷ್ಟು ನಷ್ಟ ಈ ಭಾಗದಲ್ಲಿ ಮಳೆಯಿಂದ ಆಗಿರಲಾರದು.

ಹುಣಸೂರು ಉಪವಿಭಾಗಕ್ಕೆ ಸೇರಿದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಲ್ಲಿಯೂ, ಇವುಗಳಿಂದಲೇ ಒಡೆದು ಈಚೆಗೆ ಪ್ರತ್ಯೇಕ ತಾಲ್ಲೂಕುಗಳಾದ ಸಾಲಿಗ್ರಾಮ, ಸರಗೂರುಗಳಲ್ಲಿಯೂ ಹೊಳೆಯ ದಂಡೆಯ ಮೇಲೆ ಬಾಳುವ ಕುಟುಂಬಗಳಿಗೆ ಮತ್ತು ಅವರ ಗ್ರಾಮ ಪಂಚಾಯಿತಿಗಳ ಸದಸ್ಯರಿಗೆ ಉಪಯೋಗವಾಗಲೆಂದು ಈ ಲೇಖನ. 1924ರ ಜುಲೈ ತಿಂಗಳ ಕಾವೇರಿಯ ಮಹಾಪ್ರವಾಹವನ್ನು ಕಂಡವರು ಈಗ ನಮ್ಮೊಡನಿಲ್ಲ. ಆದರೆ 2018 ಮತ್ತು 2019ರ ಆಗಸ್ಟ್ ತಿಂಗಳುಗಳನ್ನು ಕಂಡವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಕುಶಾಲನಗರದ ಬಡಾವಣೆಗಳು ಮುಳುಗಿದ್ದೂ, ಕಬಿನಿಯಿಂದ ಬಿಟ್ಟ ನೀರು ಮಲ್ಲನಮೂಲೆ ಮಠದ ಬಳಿ ಮೈಸೂರು-ನಂಜನಗೂಡು ಹೆದ್ದಾರಿಯನ್ನು ಮುಚ್ಚಿದ್ದೂ ಆ ಎರಡು ವರ್ಷಗಳಲ್ಲಿಯೇ. ಇತಿಹಾಸ ಇಷ್ಟು ಸಾಕು. ನಮಗೆ ಬೇಕಾದುದು ನೀರು ಬರುವ ಬಗೆ.

ಮೂರು ಹೊಳೆ, ಮೂರು ಸ್ವಭಾವ

ಈ ಸೀಮೆಯ ಮೂರು ಹೊಳೆಗಳು ಒಂದೇ ರೀತಿಯಲ್ಲಿ ಉಕ್ಕುವುದಿಲ್ಲ. ಆದುದರಿಂದ ಒಂದು ಹೊಳೆಯ ಅನುಭವವನ್ನು ಇನ್ನೊಂದಕ್ಕೆ ಹಚ್ಚುವುದು ಸಲ್ಲದು.

ಲಕ್ಷ್ಮಣತೀರ್ಥವು ಬ್ರಹ್ಮಗಿರಿಯ ಇಳಿಜಾರಿನಲ್ಲಿ ಹುಟ್ಟಿ, ಇರ್ಪುವಿನಲ್ಲಿ ಧುಮುಕಿ, ಪೊನ್ನಂಪೇಟೆ ತಾಲ್ಲೂಕಿನ ನೀರನ್ನೆಲ್ಲ ಕೂಡಿಸಿಕೊಂಡು ಹನಗೋಡಿನ ಮಾರ್ಗವಾಗಿ ಹುಣಸೂರಿಗೆ ಬರುತ್ತದೆ. ಈ ದಾರಿಯಲ್ಲಿ ದೊಡ್ಡ ಜಲಾಶಯವೊಂದೂ ಇಲ್ಲವೆಂಬುದನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಹನಗೋಡಿನ ಕಟ್ಟೆಯು ನೀರನ್ನು ನಾಲೆಗೆ ತಿರುಗಿಸುವುದೇ ಹೊರತು ಹಿಡಿದಿಡುವುದಿಲ್ಲ. ಮೇಲಿನಿಂದ ಬಂದದ್ದು ಅದರ ನೆತ್ತಿಯ ಮೇಲೆ ಹಾದು ಕೆಳಗಿಳಿಯುತ್ತದೆ. ಎಂದಮೇಲೆ ಇಲ್ಲಿ ಗೇಟು ತೆರೆಯುವವರಿಲ್ಲ, ಗೇಟು ತೆರೆಯುವ ಮುನ್ನ ಸೈರನ್ ಕೂಗಿಸುವವರೂ ಇಲ್ಲ. ಶ್ರೀಮಂಗಲ, ಹುದಿಕೇರಿ, ಬಾಳೆಲೆ ಹೋಬಳಿಗಳಲ್ಲಿ ಎಷ್ಟು ಮಳೆಯಾಯಿತೆಂಬ ಸುದ್ದಿಯೊಂದೇ ನಿಮಗಿರುವ ಮುನ್ಸೂಚನೆ. ಬೇಗ ಏರಿ ಬೇಗ ಇಳಿಯುವುದು ಈ ಹೊಳೆಯ ಗುಣ. ಇಳಿಯಿತೆಂದು ಮನೆಗೆ ಮರಳಿದವರನ್ನು ಎರಡನೆಯ ಸಲ ಏರಿ ಹೆದರಿಸುವುದೂ ಅದರ ಗುಣವೇ.

ಕಾವೇರಿಯ ಲೆಕ್ಕ ಸ್ವಲ್ಪ ಬೇರೆ. ಭಾಗಮಂಡಲದಿಂದ ಬರುವ ಮೂಲಹೊಳೆಗೆ ಯಾವ ತಡೆಯೂ ಇಲ್ಲ. ಕೂಡಿಗೆಯಲ್ಲಿ ಅದನ್ನು ಸೇರುವ ಹಾರಂಗಿಗೆ ಮಾತ್ರ 8.5 ಟಿಎಂಸಿ ಹಿಡಿಯುವ ಜಲಾಶಯವಿದೆ. ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದವರಾಗಲಿ, ಚುಂಚನಕಟ್ಟೆ, ಎಡತೊರೆಗಳವರಾಗಲಿ ಹಾರಂಗಿಯ ಹೊರಹರಿವಿನ ಅಂಕಿಯೊಂದನ್ನೇ ನೋಡಿ ನಿಶ್ಚಿಂತರಾದರೆ ಅರ್ಧ ಲೆಕ್ಕವನ್ನಷ್ಟೇ ನೋಡಿದಂತಾಯಿತು. ಉಳಿದರ್ಧ ಭಾಗಮಂಡಲ, ನಾಪೋಕ್ಲು, ಸಿದ್ದಾಪುರಗಳ ಕಡೆಯಿಂದ ಯಾರ ಅಪ್ಪಣೆಗೂ ಕಾಯದೆ ಬರುತ್ತಿರುತ್ತದೆ. ಕೆಳಗೆ ಕನ್ನಂಬಾಡಿ ಕಟ್ಟೆಯು ತನ್ನ ಪೂರ್ಣಮಟ್ಟವಾದ 124.80 ಅಡಿಯ ಸಮೀಪದಲ್ಲಿದ್ದರಂತೂ ಹಿನ್ನೀರಿನ ಅಂಚಿನ ಕೃಷ್ಣರಾಜನಗರದ ಬಯಲುಗಳಿಂದ ನೀರು ಇಳಿದುಹೋಗುವುದು ತಡವಾಗುತ್ತದೆ. ಎರಡು ದಿನ ನಿಂತು ಹೋಗಬೇಕಾದ ನೀರು ಬತ್ತದ ಪೈರಿನ ಮೇಲೆ ಅದಕ್ಕಿಂತ ಹೆಚ್ಚು ಕಾಲ ಮಲಗಿದರೆ ಬೇರು ಕೊಳೆಯುವುದೆಂಬುದನ್ನು ರೈತರಿಗೆ ನಾನು ಹೇಳಬೇಕಾಗಿಲ್ಲ.

ಇನ್ನು ಕಬಿನಿ. ವಯನಾಡಿನ ಪನಮರಂ ಮತ್ತು ಮಾನಂದವಾಡಿ ಹೊಳೆಗಳು ಕೂಡಿ ಆದ ಈ ನದಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ಅಣೆಕಟ್ಟಿದೆ. ಪೂರ್ಣಮಟ್ಟ 2,284 ಅಡಿ, ಸಾಮರ್ಥ್ಯ 19.52 ಟಿಎಂಸಿ. ಅಣೆಕಟ್ಟಿನ ಮೇಲ್ಭಾಗದಲ್ಲಿ, ಎಂದರೆ ಡಿ.ಬಿ. ಕುಪ್ಪೆ, ಬಾವಲಿಗಳ ಕಡೆಯಲ್ಲಿ ಹಿನ್ನೀರು ಮೆಲ್ಲನೆ ಹರಡುತ್ತದೆ. ಅಲ್ಲಿಯ ತೊಂದರೆ ಮುಳುಗಡೆಗಿಂತಲೂ ಹೆಚ್ಚಾಗಿ ದಾರಿ ಕಡಿದುಹೋಗುವುದು. ಕೆಳಭಾಗದಲ್ಲಿಯಾದರೋ ಗೇಟುಗಳು ಎದ್ದ ಕೂಡಲೇ ಹೊಳೆಯ ಮಟ್ಟವೂ ಏರುತ್ತದೆ. ಒಂದೇ ತಾಲ್ಲೂಕಿನ ಎರಡು ಊರುಗಳಿಗೆ ಒಂದೇ ಎಚ್ಚರಿಕೆಯ ಅರ್ಥ ಎರಡಾಗುವುದು ಹೀಗೆ. ಇನ್ನೊಂದು ಮಾತು: ವಯನಾಡಿನ ನೀರೆಲ್ಲವೂ ನಮ್ಮ ಕಡೆಗೆ ಬರುವುದಿಲ್ಲ. 2024ರ ಜುಲೈ 30ರಂದು ಭೂಕುಸಿತಕ್ಕೆ ತುತ್ತಾದ ಮುಂಡಕೈ, ಚೂರಲ್‌ಮಲಗಳ ಹೊಳೆಯು ಪಶ್ಚಿಮಕ್ಕೆ ಇಳಿದು ಚಾಲಿಯಾರನ್ನು ಸೇರುವಂಥದು. ಕೇರಳದ ಯಾವ ಸುದ್ದಿ ನಿಮ್ಮದು, ಯಾವುದು ನಿಮ್ಮದಲ್ಲವೆಂದು ಬೇರ್ಪಡಿಸಿ ತಿಳಿಯಲು ಮಾನಂದವಾಡಿ ಮತ್ತು ಪನಮರಂ ಎಂಬ ಎರಡು ಹೆಸರುಗಳನ್ನು ನೆನಪಿನಲ್ಲಿಡಿ.

ಅಂಕಿಗಳನ್ನು ಓದುವ ರೀತಿ

ಪತ್ರಿಕೆಗಳಲ್ಲಿ ದಿನವೂ ಅಚ್ಚಾಗುವ ಜಲಾಶಯಗಳ ಪಟ್ಟಿಯಲ್ಲಿ ಮಟ್ಟ, ಒಳಹರಿವು, ಹೊರಹರಿವು ಎಂಬ ಮೂರು ಅಂಕಣಗಳಿರುತ್ತವೆ. ಬಹುಮಂದಿ ಮಟ್ಟವನ್ನು ನೋಡಿ ಸಂತೋಷಪಟ್ಟು ಮುಂದಿನ ಪುಟಕ್ಕೆ ಹೋಗುತ್ತಾರೆ. ದಂಡೆಯವರು ನೋಡಬೇಕಾದುದು ಒಳಹರಿವನ್ನು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. 11,574 ಕ್ಯೂಸೆಕ್ ಹರಿವು ಒಂದು ಹಗಲು ಒಂದು ರಾತ್ರಿ ಎಡೆಬಿಡದೆ ನಡೆದರೆ ಒಂದು ಟಿಎಂಸಿ ಆಗುತ್ತದೆ. ಈಗ ಕಬಿನಿಗೆ 60,000 ಕ್ಯೂಸೆಕ್ ಒಳಹರಿವಿದೆಯೆಂದು ಭಾವಿಸಿದರೆ ಒಂದೇ ದಿನದಲ್ಲಿ ಐದು ಟಿಎಂಸಿಗೂ ಮಿಕ್ಕಿ, ಎಂದರೆ ಇಡೀ ಜಲಾಶಯದ ಕಾಲುಭಾಗಕ್ಕಿಂತ ಹೆಚ್ಚು ನೀರು ಬಂದು ಸೇರುವುದು. ತುಂಬುವ ಅಂಚಿನಲ್ಲಿರುವ ಜಲಾಶಯಕ್ಕೆ ಇಷ್ಟು ನೀರು ಬರುತ್ತಿದ್ದರೆ ಬಂದದ್ದನ್ನು ಬಂದಂತೆಯೇ ಕೆಳಗೆ ಬಿಡದೆ ಎಂಜಿನಿಯರುಗಳಿಗೆ ಗತ್ಯಂತರವಿಲ್ಲ. ಹೀಗಾಗಿ ಇಂದಿನ ಒಳಹರಿವೇ ನಿಮ್ಮ ನಾಳಿನ ಹೊಳೆ. "ಇನ್ನೂ ಬಿಟ್ಟಿಲ್ಲ" ಎಂಬ ಸಮಾಧಾನಕ್ಕೆ ಆಯುಸ್ಸು ಕಡಿಮೆ.

ಮಳೆಯ ಅಂಕಿಗೂ ಹೀಗೆಯೇ ಒಂದು ಒಳಲೆಕ್ಕವುಂಟು. ಹವಾಮಾನ ಇಲಾಖೆಯು ಇಪ್ಪತ್ತನಾಲ್ಕು ಗಂಟೆಗಳಲ್ಲಿ 64.5 ಮಿಲಿಮೀಟರಿನಿಂದ 115.5ರವರೆಗಿನ ಮಳೆಯನ್ನು ಭಾರೀ ಎಂದೂ, ಅಲ್ಲಿಂದ 204.4ರವರೆಗೆ ಅತಿ ಭಾರೀ ಎಂದೂ, ಅದನ್ನು ಮೀರಿದ್ದನ್ನು ಅತ್ಯಂತ ಭಾರೀ ಎಂದೂ ವರ್ಗೀಕರಿಸುತ್ತದೆ. ಆದರೆ ಜೂನ್ ತಿಂಗಳ ಮೊದಲ ನೂರು ಮಿಲಿಮೀಟರನ್ನು ಬೇಸಗೆಯಲ್ಲಿ ಬಾಯಾರಿದ ಕೊಡಗಿನ ಮಣ್ಣು ಬಹುಮಟ್ಟಿಗೆ ಕುಡಿದುಬಿಡುತ್ತದೆ. ಪುನರ್ವಸು, ಪುಷ್ಯಗಳಲ್ಲಿ ನೆನೆದು ಹಸಿಯಾದ ಅದೇ ಮಣ್ಣಿನ ಮೇಲೆ ಆಶ್ಲೇಷದಲ್ಲಿ ಬೀಳುವ ನೂರು ಮಿಲಿಮೀಟರಿನ ಬಹುಪಾಲು ನೇರವಾಗಿ ಹಳ್ಳಕ್ಕೆ ಇಳಿಯುತ್ತದೆ. ಆದುದರಿಂದ ಒಂದು ದಿನದ ಅಂಕಿಗಿಂತ ಮೂರು ದಿನಗಳ ಮೊತ್ತವನ್ನು ಗಮನಿಸುವುದು ಮೇಲು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕಗಳನ್ನಿಟ್ಟಿದೆ. ಅದರ ವರುಣಮಿತ್ರ ಸಹಾಯವಾಣಿಗೆ, 92433 45433 ಸಂಖ್ಯೆಗೆ, ಕರೆಮಾಡಿ ಶ್ರೀಮಂಗಲದ ಅಥವಾ ಭಾಗಮಂಡಲದ ಮಳೆಯನ್ನು ಹುಣಸೂರಿನಲ್ಲಿ ಕುಳಿತೇ ವಿಚಾರಿಸಬಹುದು. ಮೇಲ್ಭಾಗದಲ್ಲಿ ನಿಮ್ಮ ನೆಂಟರಿದ್ದರೆ ಅವರಿಗೂ ಒಂದು ಕರೆ ಮಾಡಿ. ಸೊಸೆಯ ತವರು ಪೊನ್ನಂಪೇಟೆಯ ಕಡೆಯದಾಗಿರುವ ಮನೆಗೆ ಸುದ್ದಿ ಸರ್ಕಾರಕ್ಕಿಂತ ಮೊದಲೇ ಬರುವುದುಂಟು.

ಮಾಡಬೇಕಾದ ಕೆಲಸಗಳು

1. ಊರಿಗೊಂದು ಗುರುತು ಹಾಕಿ. ಐವತ್ತು ಸಾವಿರ ಕ್ಯೂಸೆಕ್ ಎಂಬ ಅಂಕಿಯು ಅದು ನಿಮ್ಮೂರಿನ ಯಾವ ಕಲ್ಲಿಗೆ ಮುಟ್ಟುವುದೆಂದು ತಿಳಿಯುವವರೆಗೆ ಬರಿಯ ಶಬ್ದ. ಸೇತುವೆಯ ಕಂಬವನ್ನೋ, ಹೊಳೆಯ ಬದಿಯ ದೇವಸ್ಥಾನದ ಸೋಪಾನವನ್ನೋ, ದೂರದಿಂದ ಟಾರ್ಚ್ ಬಿಟ್ಟರೆ ಕಾಣುವಂತಹ ಬಂಡೆಯನ್ನೋ ಆರಿಸಿ, ಅದರ ಮೇಲೆ ಬಿಳಿ, ಹಳದಿ, ಕೆಂಪು ಎಂದು ಮೂರು ಪಟ್ಟಿಗಳನ್ನು ಎನಾಮಲ್ ಬಣ್ಣದಲ್ಲಿ ಬಳಿಯಿರಿ. ಎತ್ತರವನ್ನು ಕಣ್ಣಂದಾಜಿನಿಂದ ನಿರ್ಧರಿಸಬೇಡಿ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ, ನೀರು ತುಂಬಿದ ಪಾರದರ್ಶಕ ಪೈಪು ಈ ಕೆಲಸಕ್ಕೆ ಸಾಕು: ಅದರ ಒಂದು ತುದಿಯನ್ನು ಅತ್ಯಂತ ತಗ್ಗಿನಲ್ಲಿರುವ ಮನೆಯ ಹೊಸ್ತಿಲಿಗೆ ಹಿಡಿದು, ಇನ್ನೊಂದನ್ನು ಕಂಬದ ಬಳಿಗೆ ಒಯ್ದರೆ, ಒಳಗಿರುವ ನೀರು ಎರಡು ತುದಿಗಳಲ್ಲಿಯೂ ಒಂದೇ ಮಟ್ಟಕ್ಕೆ ನಿಲ್ಲುವುದರಿಂದ ಹೊಸ್ತಿಲಿನ ಎತ್ತರ ಕಂಬದ ಮೇಲೆ ತಾನಾಗಿ ತಿಳಿಯುತ್ತದೆ. ಪೈಪಿನೊಳಗೆ ಗಾಳಿಯ ಗುಳ್ಳೆ ಉಳಿದಿದ್ದರೆ ಲೆಕ್ಕ ತಪ್ಪುವುದು. ಮೊದಲು ಅದನ್ನು ತಟ್ಟಿ ಹೊರಡಿಸಿ. ದೂರ ಹೆಚ್ಚಾಗಿದ್ದರೆ ನಡುವೆ ಗೂಟಗಳನ್ನು ನೆಟ್ಟು ಮಟ್ಟವನ್ನು ಹಂತಹಂತವಾಗಿ ದಾಟಿಸಿ. ಕೆಂಪು ಪಟ್ಟಿಯನ್ನು ಹೊಸ್ತಿಲಿನ ಮಟ್ಟಕ್ಕಲ್ಲ, ಅದಕ್ಕಿಂತ ಸಾಕಷ್ಟು ಕೆಳಗೆ ಎಳೆಯಿರಿ. ನೀರು ಆ ಪಟ್ಟಿಯನ್ನು ಮುಟ್ಟುವ ಹೊತ್ತಿಗೆ ತಗ್ಗಿನ ಮನೆಗಳು ಖಾಲಿಯಾಗಿರಬೇಕು. ಬಿಳಿಗೆ ಬರುವ ಮುನ್ನವೇ ಮೋಟಾರುಗಳನ್ನು ಎತ್ತಿಸುವುದು, ಬಿಳಿಗೆ ಬಂದಾಗ ಊರಿಗೆ ತಿಳಿಸುವುದು, ಹಳದಿಗೆ ಬಂದಾಗ ವೃದ್ಧರು, ಮಕ್ಕಳು, ದನಕರುಗಳನ್ನು ಸಾಗಿಸುವುದು.

2. ಒಂದು ಪುಸ್ತಕವಿಡಿ. ಶಾಲೆಯ ಮಕ್ಕಳ ನೂರು ಪುಟದ ನೋಟುಪುಸ್ತಕ ಸಾಕು. ತಾರೀಖು, ಗಂಟೆ, ಮೇಲ್ಭಾಗದ ಮಳೆ, ಜಲಾಶಯದ ಹೊರಹರಿವು, ನಿಮ್ಮ ಗುರುತಿನಲ್ಲಿ ನೀರಿನ ಮಟ್ಟ, ಇಷ್ಟನ್ನೇ ಬರೆಯಿರಿ. ಬೀಚನಹಳ್ಳಿಯಲ್ಲಿ ಗೇಟು ಎತ್ತಿದ ಸುದ್ದಿ ಬಂದದ್ದು ಎಷ್ಟು ಹೊತ್ತಿಗೆ, ನಿಮ್ಮ ಬಿಳಿ ಪಟ್ಟಿಗೆ ನೀರು ಮುಟ್ಟಿದ್ದು ಎಷ್ಟು ಹೊತ್ತಿಗೆ ಎಂಬ ಎರಡು ವೇಳೆಗಳ ನಡುವಣ ಅಂತರವು ಎರಡು ಮೂರು ಮಳೆಗಾಲಗಳಲ್ಲಿ ಸ್ಪಷ್ಟವಾಗುತ್ತದೆ. ಆ ಅಂತರವನ್ನು ಯಾವ ಇಲಾಖೆಯೂ ನಿಮ್ಮೂರಿಗಾಗಿ ಪ್ರತ್ಯೇಕವಾಗಿ ಲೆಕ್ಕಹಾಕಿ ಕೊಡಲಾರದು. ನನ್ನ ಮಟ್ಟಿಗೆ, ಈ ಲೇಖನದಲ್ಲಿ ಹೇಳಿರುವ ಕೆಲಸಗಳಲ್ಲಿ ಒಂದನ್ನೇ ಮಾಡುವಷ್ಟು ಪುರಸತ್ತು ನಿಮಗಿದ್ದರೆ ಇದನ್ನು ಮಾಡಿ.

3. ನಡೆಯಲಾರದವರ ಪಟ್ಟಿ ಮಾಡಿ. ಹಾಸಿಗೆ ಹಿಡಿದವರು, ತುಂಬು ಗರ್ಭಿಣಿಯರು, ಬಾಣಂತಿಯರು, ದೃಷ್ಟಿ ಮಂದವಾದವರು, ಡಯಾಲಿಸಿಸ್‌ಗೆ ಹೋಗುವವರು, ಒಂಟಿಯಾಗಿರುವ ಮುದುಕಿಯರು, ಇಂಥವರು ಪ್ರತಿಯೊಬ್ಬರಿಗೂ ಇಬ್ಬಿಬ್ಬರು ಸಮೀಪದ ಆಳುಗಳನ್ನು ಹೆಸರಿಟ್ಟು ನೇಮಿಸಿ. ಒಬ್ಬರನ್ನೇ ನೇಮಿಸಿದರೆ ಆತ ಅಂದು ಮೈಸೂರಿಗೆ ಹೋಗಿರುತ್ತಾನೆ. ಆಶಾ ಕಾರ್ಯಕರ್ತೆಯರಿಗೆ ಈ ಪಟ್ಟಿಯ ಮುಕ್ಕಾಲು ಪಾಲು ಬಾಯಿಪಾಠವಾಗಿರುತ್ತದೆ. ಅವರನ್ನು ಕೇಳದೆ ಪಟ್ಟಿ ಮಾಡುವುದು ವ್ಯರ್ಥಶ್ರಮ.

4. ಸುದ್ದಿ ಸಾಗುವ ಮೂರು ದಾರಿಗಳನ್ನು ಗೊತ್ತುಪಡಿಸಿ. ಮೊದಲನೆಯದು ಮೊಬೈಲು, ಗಾಳಿಮಳೆಯ ರಾತ್ರಿ ವಿದ್ಯುತ್ತು ಹೋಗಿ ಟವರ್ ನಿಂತರೆ ಅದು ಮೂಕವಾಗುತ್ತದೆ. ಎರಡನೆಯದು ದೇವಸ್ಥಾನದ, ಮಸೀದಿಯ ಅಥವಾ ಪಂಚಾಯಿತಿಯ ಮೈಕು. ಬ್ಯಾಟರಿಯಿಂದ ನಡೆಯುವಂತಿದ್ದರೆ ಮಾತ್ರ ಅದನ್ನು ನೆಚ್ಚಬಹುದು. ಮೂರನೆಯದು ಕಾಲುನಡಿಗೆ, ನೀರುಗಂಟಿಯು ಪ್ರತಿ ಮನೆಯ ದಾರಿಯನ್ನೂ ಕತ್ತಲಲ್ಲಿ ಬಲ್ಲವನಾದ್ದರಿಂದ ಅವನನ್ನು ಬಿಟ್ಟು ಯೋಜನೆ ಮಾಡಬೇಡಿ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಇನ್ನೂ ಒಂದು ಅನುಕೂಲವಿದೆ: ಹೊಳೆ ಉಕ್ಕುವ ಕಾಲವೂ ಹೊಗೆಸೊಪ್ಪು ಬೇಯಿಸುವ ಕಾಲವೂ ಒಂದರ ಮೇಲೊಂದು ಬೀಳುವುದರಿಂದ, ಊರೆಲ್ಲ ಮಲಗಿದ ಹೊತ್ತಿನಲ್ಲಿಯೂ ಬ್ಯಾರನ್ನಿನ ಒಲೆಗೆ ಸೌದೆ ಒಡ್ಡುತ್ತ, ಥರ್ಮಾಮೀಟರ್ ನೋಡುತ್ತ ಎಚ್ಚರವಾಗಿರುವವರು ಕೆಲವರು ಇದ್ದೇ ಇರುತ್ತಾರೆ. ರಾತ್ರಿಯ ಎರಡು ಗಂಟೆಗೆ ಬರುವ ಕರೆಯನ್ನು ಎತ್ತಿಕೊಳ್ಳುವ ಭಾರವನ್ನು ಅವರಿಗೆ ಒಪ್ಪಿಸಿ. ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಲ್ಲಿ ಸಿಗ್ನಲ್ ದುರ್ಬಲವಾಗಿರುವ ಕಡೆ ಅರಣ್ಯ ಇಲಾಖೆಯ ಕ್ಯಾಂಪುಗಳ ನಿಸ್ತಂತು ಸಂಪರ್ಕವನ್ನು ಬಳಸಿಕೊಳ್ಳುವ ಏರ್ಪಾಡನ್ನು ಹಾಡಿಯ ಯಜಮಾನರೂ ವಲಯ ಅರಣ್ಯಾಧಿಕಾರಿಗಳೂ ಜೂನ್ ತಿಂಗಳಲ್ಲಿಯೇ ಮಾತನಾಡಿ ಇಟ್ಟುಕೊಳ್ಳುವುದು ಒಳ್ಳೆಯದು.

5. ತಂಗುವ ಜಾಗವನ್ನೂ ಅಲ್ಲಿಗೆ ಹೋಗುವ ದಾರಿಯನ್ನೂ ನಡೆದು ನೋಡಿ. ಕಾಳಜಿ ಕೇಂದ್ರವೆಂದು ಗೊತ್ತುಮಾಡಿದ ಶಾಲೆಯು ದಿಣ್ಣೆಯ ಮೇಲಿದ್ದರೂ ಅಲ್ಲಿಗೆ ಹೋಗುವ ರಸ್ತೆ ತಗ್ಗಿನ ಮೋರಿಯೊಂದನ್ನು ದಾಟಬೇಕಾಗಿದ್ದರೆ, ಊರಿಗಿಂತ ಮೊದಲು ಮುಳುಗುವುದು ಆ ಮೋರಿಯೇ. ಬೀಗದ ಕೈ ಯಾರ ಬಳಿ ಇದೆ, ರಜೆಯ ದಿನ ಯಾರ ಬಳಿ ಇರುತ್ತದೆ, ಹೆಂಗಸರಿಗೆ ಶೌಚಾಲಯವಿದೆಯೇ ಎಂಬುದನ್ನು ವಿಚಾರಿಸಿ.

6. ಗಂಟು ಕಟ್ಟಿಡಿ. ಆಧಾರ್, ಪಡಿತರ ಚೀಟಿ, ಪಹಣಿ, ಬ್ಯಾಂಕಿನ ಪಾಸ್‌ಬುಕ್, ಮಕ್ಕಳ ಅಂಕಪಟ್ಟಿಗಳನ್ನು ದಪ್ಪನೆಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಒಂದು ವಾರಕ್ಕೆ ಸಾಕಾಗುವ ಮಾತ್ರೆಗಳು, ಟಾರ್ಚು, ಪವರ್ ಬ್ಯಾಂಕು, ಒಂದು ಜೊತೆ ಬಟ್ಟೆಗಳೊಡನೆ ಬಾಗಿಲ ಬಳಿಯ ಗೂಟಕ್ಕೆ ತೂಗುಹಾಕಿ. ಬೀರುವಿನ ತಳದ ಅರೆಯಲ್ಲಿ ಭದ್ರವಾಗಿಟ್ಟ ಕಾಗದಗಳೇ ಮೊದಲು ನೆನೆಯುವಂಥವು.

7. ದನಗಳ ವಿಷಯವನ್ನು ಕೊನೆಗೆ ಬಿಡಬೇಡಿ. ಮನೆಮಂದಿಯನ್ನು ಸಾಗಿಸಿ, ಕೊಟ್ಟಿಗೆಯಲ್ಲಿ ಕಟ್ಟಿದ ಹಸುವಿಗಾಗಿ ಮರಳಿ ಹೋಗುವುದರಲ್ಲಿ ಪ್ರಾಣಾಪಾಯ ಹೆಚ್ಚು. ಹಳದಿ ಪಟ್ಟಿಗೇ ಅವುಗಳನ್ನು ದಿಣ್ಣೆಗೆ ಹೊಡೆಯಿರಿ. ಅದು ಸಾಧ್ಯವಾಗದೆ ನೀರು ಅಂಗಳಕ್ಕೆ ಬಂದರೆ ಕಣ್ಣಿ ಬಿಚ್ಚಿಬಿಡಿ. ಬಿಚ್ಚಿದ ದನ ಈಜಿ ದಡ ಸೇರಬಲ್ಲದು, ಗೂಟಕ್ಕೆ ಬಿಗಿದದ್ದು ನಿಂತಲ್ಲೇ ಮುಳುಗುತ್ತದೆ.

ಎಚ್ಚರಿಕೆಗಳು

ಹರಿಯುವ ನೀರಿನ ಬಲವನ್ನು ಅದರ ಆಳದಿಂದ ಮಾತ್ರ ಅಳೆಯುವುದು ಸಹಜವಾದ ಭ್ರಮೆ. ವೇಗ ಇಮ್ಮಡಿಯಾದರೆ ನೂಕುವ ಬಲ ನಾಲ್ಮಡಿಯಾಗುತ್ತದೆ. ಅರ್ಧ ಅಡಿ ಆಳದ ರಭಸದ ನೀರು ಬೆಳೆದ ಮನುಷ್ಯನನ್ನು ಕೆಡವಬಲ್ಲದು, ಎರಡು ಅಡಿ ನೀರು ಕಾರನ್ನು ತೇಲಿಸಿ ಒಯ್ಯಬಲ್ಲದು. ಸೇತುವೆಯ ಮೇಲೆ ನೀರು ಹರಿಯುತ್ತಿರುವಾಗ ಅದರ ಕೆಳಗಣ ರಸ್ತೆ ಉಳಿದಿದೆಯೋ ಕೊಚ್ಚಿಹೋಗಿದೆಯೋ ಕೆಂಪು ನೀರಿನಲ್ಲಿ ಕಾಣುವುದಿಲ್ಲ.

ಈ ಸೀಮೆಗೆ ವಿಶೇಷವಾದ ಅಪಾಯವೊಂದು ದಂಡೆಯ ಪಂಪ್‌ಸೆಟ್ಟು. ಸಾವಿರಾರು ರೂಪಾಯಿಯ ಮೋಟಾರು ಮುಳುಗುವುದನ್ನು ನೋಡಲಾರದೆ ರೈತನು ಇಳಿಹೊತ್ತಿನಲ್ಲಿ ಸ್ಪ್ಯಾನರ್ ಹಿಡಿದು ಒಬ್ಬನೇ ಹೊಳೆಗಿಳಿಯುತ್ತಾನೆ. ನೀರಿನಲ್ಲಿ ನಿಂತು ಸ್ಟಾರ್ಟರ್ ಪೆಟ್ಟಿಗೆಯನ್ನು ಮುಟ್ಟುತ್ತಾನೆ. ಲೈನಿನಲ್ಲಿ ಕರೆಂಟು ಇಲ್ಲವೆಂದುಕೊಂಡ ಗಳಿಗೆಯಲ್ಲಿಯೇ ತ್ರೀಫೇಸ್ ಬರುತ್ತದೆ. ಮೋಟಾರನ್ನು ಬಿಳಿ ಪಟ್ಟಿಗೆ ಮುನ್ನ, ಹಗಲಿನಲ್ಲಿ, ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಂಡು, ಇಬ್ಬರಾದರೂ ಸೇರಿ ಎತ್ತಬೇಕು. ಆ ಹೊತ್ತು ಮೀರಿದ್ದರೆ ಅದು ಮುಳುಗಲಿ. ರಿವೈಂಡಿಂಗ್ ಮಾಡಿಸಿದರೆ ಮೋಟಾರು ಮತ್ತೆ ತಿರುಗುತ್ತದೆ. ಬಿದ್ದ ತಂತಿಯನ್ನು ಕಂಡರೆ ಹತ್ತಿರ ಸುಳಿಯದೆ 1912ಕ್ಕೆ ತಿಳಿಸಿ.

ಚುಂಚನಕಟ್ಟೆಯ ಜಲಪಾತವು ತುಂಬಿದಾಗ ನೋಡಲು ಸುಂದರವೆಂಬುದರಲ್ಲಿ ಸಂಶಯವಿಲ್ಲ, ದೂರದಿಂದ ನೋಡಿ. ಪಾಚಿ ಹಿಡಿದ ಬಂಡೆಯ ಮೇಲೆ ಫೋಟೋಕ್ಕಾಗಿ ನಿಂತವರನ್ನು ಉಳಿಸಲು ಇನ್ನೊಬ್ಬರು ಇಳಿಯುವಂತಾಗಬಾರದು. ತುಂಬು ಹೊಳೆಯಲ್ಲಿ ತೆಪ್ಪ ಹಾಕುವುದೂ ಕೂಡದು, ಹಾಕುವಾತ ಎಷ್ಟೇ ನುರಿತವನಾದರೂ.

ಕರೆಯ ಸಂಖ್ಯೆಗಳು: ಪೊಲೀಸ್, ಅಗ್ನಿಶಾಮಕ ಮುಂತಾದ ಯಾವ ತುರ್ತಿಗೂ 112, ಆಂಬುಲೆನ್ಸ್‌ಗೆ 108, ಜಿಲ್ಲಾ ನಿಯಂತ್ರಣ ಕೊಠಡಿಗೆ 1077, ಆನೆಯೇ ಮೊದಲಾದ ಕಾಡುಪ್ರಾಣಿಗಳ ವಿಷಯಕ್ಕೆ ಅರಣ್ಯ ಇಲಾಖೆಯ 1926. ಮೈಸೂರು ಜಿಲ್ಲೆಯ ಹೊರಗಿನಿಂದ 1077ಕ್ಕೆ ಕರೆಮಾಡುವವರು ಮೊದಲು 0821 ಸೇರಿಸಬೇಕು. ಬಾವಲಿ, ಡಿ.ಬಿ. ಕುಪ್ಪೆಗಳ ಗಡಿಯಲ್ಲಿ ನಿಮ್ಮ ಮೊಬೈಲು ಕೇರಳದ ಟವರನ್ನು ಹಿಡಿದಿದ್ದರೆ ಕರೆಯೂ ಆ ಕಡೆಗೆ ಹೋಗಬಹುದು. ಮಾತು ಆರಂಭಿಸುವಾಗಲೇ ಜಿಲ್ಲೆ, ತಾಲ್ಲೂಕು, ಊರು ಎಂಬ ಕ್ರಮದಲ್ಲಿ ಹೇಳಿರಿ, ಏನಾಯಿತೆಂಬುದನ್ನು ಅನಂತರ ಹೇಳಿರಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಎಲ್ಲಕ್ಕಿಂತ ದೊಡ್ಡದು, ಹಿಂದಿನ ಪ್ರವಾಹದ ಮಟ್ಟವನ್ನೇ ಪರಮಾವಧಿಯೆಂದು ನಂಬುವುದು. "2019ರಲ್ಲಿಯೇ ನಮ್ಮ ಜಗಲಿಗೆ ಬರಲಿಲ್ಲ" ಎನ್ನುವವರು, ಆ ಬಳಿಕ ಹೊಳೆಯ ಬದಿಯಲ್ಲಿ ಎಷ್ಟು ಮಣ್ಣು ತುಂಬಿ ನಿವೇಶನಗಳಾದುವು, ಎಷ್ಟು ಹಳ್ಳಗಳು ಹೂತುಹೋದುವು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನೀರಿಗೆ ಹರಡಲು ಇದ್ದ ಜಾಗ ಕಿರಿದಾದರೆ ಅದೇ ಪ್ರಮಾಣದ ನೀರು ಹೆಚ್ಚು ಎತ್ತರಕ್ಕೆ ಏರಲೇಬೇಕು.

ಸೈರನ್ನಿಗೆ ಕಾಯುವುದು ಎರಡನೆಯದು. ಲಕ್ಷ್ಮಣತೀರ್ಥದ ದಂಡೆಯಲ್ಲಿ ಸೈರನ್ನೇ ಇಲ್ಲವೆಂದು ಮೇಲೆ ಹೇಳಿದ್ದೇನೆ. ಯಾವುದೋ ವರ್ಷದ, ಯಾವುದೋ ಹೊಳೆಯ ವಿಡಿಯೋವನ್ನು ಊರ ವಾಟ್ಸಾಪ್ ಗುಂಪಿಗೆ ಹಾಕುವುದು ಮೂರನೆಯದು. ಎರಡು ಸಲ ಸುಳ್ಳು ಸುದ್ದಿಗೆ ಓಡಿದವರು ಮೂರನೆಯ ಸಲ ನಿಜ ಸುದ್ದಿಗೆ ಎದ್ದೇಳುವುದಿಲ್ಲ. ಆ ಗುಂಪಿನಲ್ಲಿ ಮಳೆಗಾಲದಲ್ಲಿ ಇಬ್ಬರಿಗೆ ಮಾತ್ರ ಬರೆಯುವ ಅಧಿಕಾರವಿರಲಿ. ಗೃಹಸ್ಥನೊಬ್ಬ ಮನೆ ಕಾಯಲು ಅಟ್ಟದ ಮೇಲೆ ಉಳಿಯುವುದೂ ಹಲವು ಕಡೆ ನಡೆದುಬಂದಿರುವ ಪದ್ಧತಿ. ಮಣ್ಣಿನ ಗೋಡೆಯ ಮನೆಯಲ್ಲಿ ಇದು ಆತ್ಮಘಾತಕ್ಕೆ ಸಮಾನ, ಏಕೆಂದರೆ ನೆನೆದ ಗೋಡೆ ಕುಸಿಯುವುದು ಅನೇಕ ವೇಳೆ ನೀರು ಇಳಿಯತೊಡಗಿದ ಮೇಲೆ.

ನೀರಿಳಿದ ಮೇಲೆ

ಮನೆಯೊಳಗೆ ಕಾಲಿಡುವ ಮುನ್ನ ಗೋಡೆಗಳ ಬಿರುಕನ್ನು ಹೊರಗಿನಿಂದಲೇ ನೋಡಿ, ಮೇನ್ ಸ್ವಿಚ್ಚು ಆರಿದೆಯೆಂದು ಖಚಿತಪಡಿಸಿಕೊಳ್ಳಿ. ಮುಳುಗಿದ ಬಿಲಗಳಿಂದ ಹೊರಬಿದ್ದ ಹಾವುಗಳು ಸೌದೆಯ ಒಟ್ಟಿಲು, ಹುಲ್ಲಿನ ಮೆದೆ, ಬ್ಯಾರನ್ನಿನ ಮೂಲೆಗಳಲ್ಲಿ ಸೇರಿಕೊಂಡಿರುತ್ತವೆ. ಕೋಲಿನಿಂದ ತಟ್ಟಿ, ಅನಂತರ ಕೈಹಾಕಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಇವು ಯಾವುವೂ ಬೇಡ. ಕಚ್ಚಿಸಿಕೊಂಡ ಅಂಗವನ್ನು ಅಲುಗಾಡಿಸದೆ, ರೋಗಿಯನ್ನು ನಡೆಸದೆ, ನೇರವಾಗಿ ತಾಲ್ಲೂಕು ಆಸ್ಪತ್ರೆಗೆ ಸಾಗಿಸಿ. ಪ್ರತಿವಿಷವಿರುವುದು ಅಲ್ಲಿ. ಹಾವಿನ ಕಡಿತವನ್ನು ರಾಜ್ಯ ಸರ್ಕಾರವು 2024ರಲ್ಲಿ ಅಧಿಸೂಚಿತ ಕಾಯಿಲೆಯನ್ನಾಗಿ ಘೋಷಿಸಿರುವುದರಿಂದ ಆಸ್ಪತ್ರೆಗಳು ಅದನ್ನು ದಾಖಲಿಸಿ ವರದಿಮಾಡಲೇಬೇಕು. ಕೆಸರಿನಲ್ಲಿ ಕೆಲಸಮಾಡಿದವರಿಗೆ ಮೂರು ನಾಲ್ಕು ವಾರಗಳೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಅದು ಇಲಿಜ್ವರವಿರಬಹುದು. ಹೊಳೆಯ ನೀರಿನಲ್ಲಿ ನಿಂತಿದ್ದೆನೆಂದು ವೈದ್ಯರಿಗೆ ಮರೆಯದೆ ಹೇಳಿ.

ಬಾವಿಗೆ ಹೊಳೆಯ ನೀರು ನುಗ್ಗಿದ್ದರೆ ಮೊದಲು ಅದನ್ನು ಪಂಪಿನಿಂದ ಬರಿದುಮಾಡಿ ಹೂಳು ತೆಗೆಸಿ, ಊಟೆಯ ನೀರು ಮತ್ತೆ ತುಂಬಿದ ಮೇಲೆ ಬ್ಲೀಚಿಂಗ್ ಪುಡಿ ಹಾಕಬೇಕು. ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಎಂಬುದು ಸಾಮಾನ್ಯ ಪ್ರಮಾಣ. ಮೂರು ಮೀಟರ್ ಅಗಲದ ದುಂಡು ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಅದು ಸುಮಾರು 28,000 ಲೀಟರ್. ಅದಕ್ಕೆ 70 ಗ್ರಾಂ ಪುಡಿ ಸಾಕು. ಪುಡಿಯನ್ನು ಹಾಗೆಯೇ ಎರಚದೆ, ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಡನೆ ಕಲಸಿ, ಹತ್ತು ನಿಮಿಷ ಬಿಟ್ಟು, ತಳದಲ್ಲಿ ಕುಳಿತ ಸುಣ್ಣವನ್ನು ಬಿಟ್ಟು ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಅದನ್ನು ಬಾವಿಗೆ ಇಳಿಬಿಟ್ಟು ನೀರಿನೊಳಗೆ ಮೇಲೆ ಕೆಳಗೆ ಆಡಿಸಿ. ಒಂದು ಗಂಟೆ ಕಳೆಯುವವರೆಗೆ ಆ ನೀರನ್ನು ಯಾರೂ ಸೇದಬಾರದು. ಹಳೆಯ ಪುಡಿಯು ತೇವ ಹಿಡಿದು ಶಕ್ತಿಗುಂದಿರುತ್ತದೆ. ಡಬ್ಬಿ ತೆರೆದಾಗ ಮೂಗಿಗೆ ಖಾರ ಬಡಿಯದಿದ್ದರೆ ಹೊಸದನ್ನು ತರಿಸಿ.

ಕೊನೆಯದಾಗಿ ಪರಿಹಾರದ ಕಾಗದಪತ್ರ. ಮನೆಯನ್ನು ತೊಳೆದು ಬಳಿದು, ಬಿದ್ದ ಗೋಡೆಯ ಮಣ್ಣನ್ನು ಹೊರಹಾಕಿ, ಅನಂತರ ಅಧಿಕಾರಿಗಳನ್ನು ಕರೆದರೆ ಅವರು ನೋಡುವುದೇನನ್ನು? ಗುಡಿಸುವ ಮೊದಲೇ ಗೋಡೆಯ ಮೇಲಿನ ನೀರಿನ ಗೆರೆ, ಬಿದ್ದ ಭಾಗ, ಸತ್ತ ದನ, ಮಲಗಿದ ಪೈರು ಇವುಗಳ ಚಿತ್ರಗಳನ್ನು, ಗುರುತಿಗೆ ಸಿಗುವ ಮರವನ್ನೋ ಮನೆಯನ್ನೋ ಚೌಕಟ್ಟಿನಲ್ಲಿ ಸೇರಿಸಿ ತೆಗೆದುಕೊಳ್ಳಿ. ಗ್ರಾಮ ಆಡಳಿತಾಧಿಕಾರಿಗಳು ಬಂದು ಮಹಜರು ಬರೆಯುವಾಗ ಎದುರಿಗಿದ್ದು, ಅಳತೆ ಮತ್ತು ತಾರೀಖುಗಳನ್ನು ಓದಿ ನೋಡಿದ ಬಳಿಕವೇ ಸಹಿ ಹಾಕಿ. ದನ ಸತ್ತಿದ್ದರೆ ಹೂಳುವ ಮುನ್ನ ಪಶುವೈದ್ಯರ ದೃಢೀಕರಣ ಪತ್ರ ಬೇಕು. ಮನುಷ್ಯ ಪ್ರಾಣಹಾನಿಯಾದರೆ ಕೇಂದ್ರದ ಮಾರ್ಗಸೂಚಿಯಂತೆ ವಾರಸುದಾರರಿಗೆ 4 ಲಕ್ಷ ರೂಪಾಯಿ ಸಲ್ಲುತ್ತದೆ; ಅದಕ್ಕೆ ಮರಣೋತ್ತರ ಪರೀಕ್ಷೆಯ ವರದಿಯನ್ನು ಕೇಳುವುದರಿಂದ, ದುಃಖದ ಭರದಲ್ಲಿ ಅದನ್ನು ಬಿಟ್ಟು ಸಂಸ್ಕಾರ ಮಾಡಿಬಿಡಬೇಡಿ. ಜಮೀನು ಇನ್ನೂ ತಾತನ ಹೆಸರಿನಲ್ಲಿದ್ದು ಪೌತಿಖಾತೆ ಆಗದಿರುವವರಿಗೆ ಬೆಳೆ ಪರಿಹಾರದ ಹಣ ಖಾತೆಗೆ ಬಂದು ಬೀಳುವಲ್ಲಿ ತೊಡಕಾಗುತ್ತದೆ. ಆ ಅರ್ಜಿಯನ್ನು ಮಳೆಗಾಲಕ್ಕೆ ಮುಂಚೆ ನಾಡಕಚೇರಿಯಲ್ಲಿ ಕೊಟ್ಟು, ಸ್ವೀಕೃತಿ ಚೀಟಿಯನ್ನು ಆರನೆಯ ಅಂಶದಲ್ಲಿ ಹೇಳಿದ ಗಂಟಿನೊಳಗೆ ಸೇರಿಸಿ.